ಪ್ಯಾಕೇಜ್ ಇಳಿಸುವ ಸ್ಕ್ರಿಪ್ಟ್ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ಶರಣು.

ಬರುವ ಒಂದನೇ ತಾರೀಖಿನಿಂದ ಹಳೆಯ ಡೌನ್‌ಲೋಡ್ ಸ್ಕ್ರಿಪ್ಟ್ ನಮ್ಮ ರೆಪಾಸಿಟರಿಯಲ್ಲಿ (ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಇಟ್ಟಿರುವ ಉಗ್ರಾಣದಲ್ಲಿ) ನಡೆಯುವುದಿಲ್ಲ. ಪ್ರತಿ ಗ್ರಾಹಕರಿಗೂ ಒಂದು ಟೋಕನ್, ಅಂದರೆ ಗುರುತಿನ ಸಂಕೇತ, ಕೊಡುತ್ತೇವೆ. ಆ ಟೋಕನ್‌ನಿಂದ ನಿಮ್ಮ ಒಂದು ಮಷಿನ್ ಮಾತ್ರ ಎಲ್ಲ ಪ್ಯಾಕೇಜ್ ಇಳಿಸಿಕೊಳ್ಳುತ್ತದೆ. ಉಳಿದವು ಅದರಿಂದ ಲ್ಯಾನ್‌ನಲ್ಲೇ (ನಿಮ್ಮ ಒಳಗಿನ ನೆಟ್‌ವರ್ಕ್‌ನಲ್ಲೇ) ಪಡೆಯಬೇಕು.

ಹಳೆ ಸ್ಕ್ರಿಪ್ಟ್ ಬರೆದು ನಿಮ್ಮ ಕೈಗೆ ಕೊಟ್ಟವರು ನಾವೇ. ಫೈಲ್ ಇಳಿಸುವ ಡಬ್ಲ್ಯುಗೆಟ್ (wget) ಕಮಾಂಡ್ ಸಾಲಿನಲ್ಲಿ, ಒಳಗಿನ ಫೋಲ್ಡರ್‌ಗಳನ್ನೂ ಇಳಿಸುವ ‘-ಆರ್’ (-r) ಹಾಕಿದ್ದೆವು, ದೊಡ್ಡ ‘-ಎನ್’ (-N) ಬಿಟ್ಟುಬಿಟ್ಟಿದ್ದೆವು. ಅದಿದ್ದರೆ ತಾರೀಖು, ಸೈಜ್ ನೋಡಿ ಬದಲಾದ ಫೈಲ್ ಅಷ್ಟೇ ಇಳಿಯುತ್ತದೆ. ಇಲ್ಲದಿದ್ದರೆ ಎಲ್ಲವೂ ಮತ್ತೆ ಮೊದಲಿನಿಂದ ಇಳಿಯುತ್ತದೆ. ಇದು ನಮ್ಮ ತಪ್ಪು, ಕ್ಷಮಿಸಿ.

ಆದರೆ ಫೋನ್ ಮಾಡಿದವರೆಲ್ಲ ಒಂದೇ ಮಾತು ಕೇಳುತ್ತಿದ್ದೀರಿ: “ವರ್ಷದ ರೊಕ್ಕ ಕಟ್ಟೀವಿ, ಮತ್ತ ಡೌನ್‌ಲೋಡಿಗೂ ಲೆಕ್ಕ ಇಡ್ತೀರೇನ್ರಿ?” ಇದಕ್ಕೆ ಬಿಡಿಸಿ ಹೇಳಲೇಬೇಕು. ರೆಪಾಸಿಟರಿ ಇರುವುದು ನಮ್ಮ ಅಂಗಡಿಯಲ್ಲಲ್ಲ, ಬಾಡಿಗೆ ಸರ್ವರ್‌ನಲ್ಲಿ. ಅಲ್ಲಿ ನಾವು ಫೈಲ್ ಏರಿಸುವುದಕ್ಕೆ ದುಡ್ಡಿಲ್ಲ. ಅಲ್ಲಿಂದ ಹೊರಗೆ ಹೋಗುವ ಒಂದೊಂದು ಜಿಬಿಗೂ ಬಿಲ್ ಇದೆ. ಮೊನ್ನೆ ಒಂದು ರಾತ್ರಿಯ ಲಾಗ್ ತೆಗೆದು ನೋಡಿದೆವು. ಒಂದು ಲ್ಯಾಬಿನ 20 ಮಷಿನ್, ಎಲ್ಲದರಲ್ಲೂ ಕ್ರಾನ್ (ಹೊತ್ತಿಗೆ ತಾನೇ ಕೆಲಸ ಶುರು ಮಾಡುವ ಪ್ರೋಗ್ರಾಂ) ಸರಿಯಾಗಿ 2 ಗಂಟೆಗೆ. ರೆಪಾಸಿಟರಿ 18 ಜಿಬಿ. ಒಂದೇ ರಾತ್ರಿಗೆ 360 ಜಿಬಿ ಹೋಗಿದೆ! ಅಂದು ಹೊಸದಾಗಿ ಸೇರಿದ್ದು ಒಂದು ಪ್ರಿಂಟರ್ ಡ್ರೈವರ್, 4 ಎಂಬಿ. ಲ್ಯಾಬಿನವರ ತಪ್ಪೇನೂ ಇಲ್ಲ, ನಾವು ಕೊಟ್ಟ ಸಾಲನ್ನೇ ಹಾಕಿದ್ದರು. ಬಿಲ್ ನಾವೇ ಕಟ್ಟಿದೆವು. ನಿಮ್ಮ ವರ್ಷದ ಫೀ ಹೆಚ್ಚಿಸಲಿಲ್ಲ, ಈಗಲೂ ಹೆಚ್ಚಿಸುತ್ತಿಲ್ಲ. ಹೀಗಿರುವಾಗ ‘ದುಡ್ಡಿನ ಆಸೆಗೆ ಮಾಡ್ತಿದ್ದಾರೆ’ ಅಂದರೆ ಮನಸ್ಸಿಗೆ ನೋವಾಗುತ್ತದೆ, ಅಲ್ವಾ? ಸಾಫ್ಟ್‌ವೇರ್ ಇಮೇಜ್‌ಗಳನ್ನು ಹಂಚುವ ಡಾಕರ್ ಹಬ್‌ನಂಥ ದೊಡ್ಡವರೇ 2020ರ ನವೆಂಬರ್‌ನಿಂದ, ಲಾಗಿನ್ ಇಲ್ಲದೆ ಇಳಿಸಿಕೊಳ್ಳುವವರಿಗೆ ಆರು ತಾಸಿಗೆ 100 ಸಲ ಎಂದು ಮಿತಿ ಹಾಕಿದರು.

ಹೊಸ ಸ್ಕ್ರಿಪ್ಟ್ ಚೆನ್ನಾಗಿ ಬಂದಿದೆ, ಧೈರ್ಯವಾಗಿ ಹೇಳುತ್ತೇವೆ. ಮೊದಲು ಪ್ಯಾಕೇಜ್ ಪಟ್ಟಿ ಮಾತ್ರ ತರುತ್ತದೆ. ನಿಮ್ಮಲ್ಲಿರುವ ಫೈಲ್‌ಗಳ ಎಸ್‌ಎಚ್‌ಎ-256 (ಫೈಲ್‌ನ ಬೆರಳಚ್ಚಿನಂಥ ಗುರುತು) ಜೊತೆ ಹೋಲಿಸಿ, ಇಲ್ಲದ್ದನ್ನಷ್ಟೇ ಇಳಿಸುತ್ತದೆ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ‘429’ ಅಂತ ತೋರಿಸಿದರೆ ಗಾಬರಿ ಬೇಡ. ಬೇಡಿಕೆ ಜಾಸ್ತಿ ಆಯ್ತು, ಸ್ವಲ್ಪ ತಡೆಯಿರಿ ಅಂತ ಅದರ ಅರ್ಥ. ಸ್ಕ್ರಿಪ್ಟ್ ತಾನೇ ಕಾದು ಮತ್ತೆ ಕೇಳುತ್ತದೆ. ದಯವಿಟ್ಟು ಪಕ್ಕದಲ್ಲಿ ಇನ್ನೊಂದು ಓಡಿಸಬೇಡಿ.

ಪ್ಯಾಕೇಜ್ ನಮ್ಮದೇ ಹೌದೋ ಎಂದು ಪರೀಕ್ಷಿಸುವ ಡಿಜಿಟಲ್ ಸಹಿಯ ಕೀ ಹಳೆಯದೇ.

ಟೋಕನ್ ಹಾಕಲು ತಿಳಿಯದಿದ್ದರೆ ಸುಮ್ನೆ ಒಂದು ಫೋನ್ ಮಾಡಿ. ಸೂಪರ್ ಮಾರ್ಕೆಟ್ ಕಡೆ ಬಂದಾಗ ಹಾರ್ಡ್‌ಡಿಸ್ಕ್ ತಂದರೆ 18 ಜಿಬಿಯನ್ನೂ ಕಾಪಿ ಮಾಡಿಕೊಡುತ್ತೇವೆ, ದುಡ್ಡು ಬೇಡ. ಆಳಂದ, ಸೇಡಂ, ಚಿತ್ತಾಪುರದ ಲ್ಯಾಬ್‌ಗಳಿಗೆ ನಮ್ಮ ಹುಡುಗನೇ ಬಂದು ಹಾಕಿಕೊಡುತ್ತಾನೆ. ಬಸ್ ಚಾರ್ಜ್ ನಮ್ಮದು.

ನಿಮ್ಮವರೇ,
ಅಂಗಡಿಯ ಎಲ್ಲರೂ
ಕಲಬುರಗಿ