ಮೊದಲ ಸ್ಟೀರಿಯೊ ಕೊಳ್ಳುವ ಮುನ್ನ

ಪ್ರಿಯ ಗೆಳೆಯ,

ಧಾರವಾಡದ ಹೊಸ ಮನೆಗೆ ಒಳ್ಳೆಯದೊಂದು ಸ್ಟೀರಿಯೊ ಕೊಳ್ಳಬೇಕೆಂದಿದ್ದೇನೆ, ಎಷ್ಟು ವ್ಯಾಟಿನ ಆಂಪ್ಲಿಫೈಯರ್ ತೆಗೆದುಕೊಳ್ಳಲಿ ಎಂದು ಕೇಳಿದ್ದೀಯೆ. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೋಣೆಯನ್ನು ನೋಡಬೇಕು, ಅದಕ್ಕೆ ಒಗ್ಗುವ ಸ್ಪೀಕರ್‌ಗಳನ್ನು ಆರಿಸಬೇಕು. ಆ ಸ್ಪೀಕರ್‌ಗಳು ಕೇಳುವಷ್ಟನ್ನು ಕೊಡುವ ಆಂಪ್ಲಿಫೈಯರ್ ಸಾಕು. ತೆಗೆದಿಟ್ಟ ಹಣದಲ್ಲಿ ಅರ್ಧದಷ್ಟಾದರೂ ಸ್ಪೀಕರ್‌ಗಳಿಗೇ ಹೋಗಲಿ.

ನೀನು ಕಳಿಸಿದ ಚಿತ್ರದಲ್ಲಿ ನೆಲಕ್ಕೆಲ್ಲ ಟೈಲ್ಸ್, ಎರಡೂ ಬದಿಗೆ ಬೋಳು ಗೋಡೆ, ಎದುರಿಗೆ ದೊಡ್ಡ ಗಾಜಿನ ಕಿಟಕಿ ಕಾಣುತ್ತದೆ. ಅಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡು. ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತ ಗಣಗಣಿಸಿದರೆ, ಎಷ್ಟೇ ಬೆಲೆಯ ಸ್ಪೀಕರ್ ತಂದರೂ ತಾರಸ್ಥಾಯಿಯ ಸ್ವರ ಕಿವಿಗೆ ಚುಚ್ಚುತ್ತದೆ, ಬಂದಿಶಿನ ಮಾತುಗಳು ಕಲಸಿಹೋಗುತ್ತವೆ. ದಪ್ಪ ಪರದೆ, ತುಂಬಿದ ಪುಸ್ತಕದ ಕಪಾಟು, ನೆಲದ ಹಾಸು ಇವು ಆ ಪುಟಿತವನ್ನು ತಗ್ಗಿಸುತ್ತವೆ. ನವಲಗುಂದದ ಜಮಖಾನ ನೋಡಲು ಚೆಂದವೇ ಆದರೂ ಅದು ತೆಳುವಾದ್ದರಿಂದ ಅಡಿಗೊಂದು ದಪ್ಪ ಹಾಸು ಬೇಕು.

ಸ್ಪೀಕರ್‌ಗಳನ್ನು ಮೂಲೆಗೆ ತಳ್ಳಬೇಡ, ಶೋಕೇಸಿನೊಳಗೆ ಸೇರಿಸಲೂ ಬೇಡ. ಮೂಲೆಯಲ್ಲಿ ತಗ್ಗಿನ ಸ್ವರಗಳು ಊದಿಕೊಂಡು ತಬಲಾದ ಬಾಯಾ ಡೋಲಿನಂತೆ ಗುಮ್ಮೆನ್ನುತ್ತದೆ. ಹಿಂದಿನ ಗೋಡೆಯಿಂದ ಒಂದೆರಡು ಅಡಿ ಮುಂದಿಟ್ಟು, ಟ್ವೀಟರ್, ಅಂದರೆ ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ, ಕುಳಿತಾಗಿನ ಕಿವಿಯ ಎತ್ತರಕ್ಕೆ ಬರುವಂತೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಎರಡು ಸ್ಪೀಕರ್ ಹಾಗೂ ನಿನ್ನ ಕುರ್ಚಿ ಸೇರಿ ಸಮಬಾಹು ತ್ರಿಕೋನವಾಗುವಂತೆ ನೋಡಿಕೋ. ಇದನ್ನು ಪರೀಕ್ಷಿಸಲು ನಿನ್ನೂರಿನವರೇ ಆದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಸುತ್ತಿನ ಧ್ವನಿಮುದ್ರಿಕೆಗಳಿಗಿಂತ ಒಳ್ಳೆಯದು ಬೇಡ. ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಅದಕ್ಕೂ ಮೊದಲಿನ ಆ ತಟ್ಟೆಗಳು ಮೋನೊ, ಅಂದರೆ ಎರಡೂ ಸ್ಪೀಕರ್‌ಗಳಿಂದ ಬರುವುದು ಒಂದೇ ಧ್ವನಿ. ಆ ದನಿ ನಟ್ಟನಡುವೆ, ಸ್ಪೀಕರೇ ಇಲ್ಲದ ಜಾಗದಲ್ಲಿ ಅಲುಗಾಡದೆ ನಿಂತರೆ ಜೋಡಣೆ ಸರಿಯಾಗಿದೆ. ಒಂದು ಪಕ್ಕಕ್ಕೆ ಎಳೆದರೆ ತ್ರಿಕೋನ ತಪ್ಪಿದೆ, ಇಲ್ಲವೇ ತಂತಿಯನ್ನೋ ಬ್ಯಾಲೆನ್ಸನ್ನೋ ನೋಡಬೇಕು.

ಇನ್ನು ವ್ಯಾಟು. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಅಚ್ಚಾಗಿರುವ ಪಿಎಂಪಿಒ ಸಂಖ್ಯೆಯನ್ನು, ಅಂದರೆ ಕ್ಷಣಮಾತ್ರದ ಶಕ್ತಿಯ ಉಬ್ಬಿಸಿದ ಲೆಕ್ಕವನ್ನು, ಓದಲೇಬೇಡ. 8 ಓಮ್‌ನ ಸ್ಪೀಕರ್‌ಗೆ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟು ಎಂದಷ್ಟೇ ಕೇಳು. ವ್ಯಾಟು ದುಪ್ಪಟ್ಟಾದರೆ ಸಿಗುವುದು ಬರೀ 3 ಡೆಸಿಬೆಲ್, ಅಂದರೆ ಸದ್ದಿನಲ್ಲಿ ತುಸುವೇ ಏರಿಕೆ. ಹಾಗಾಗಿ 50ರಿಂದ 100 ವ್ಯಾಟಿಗೆ ಹಾರಲು ಸುರಿಯುವ ದುಡ್ಡಿಗಿಂತ, 84ರ ಬದಲು 87 ಡೆಸಿಬೆಲ್ ಸೆನ್ಸಿಟಿವಿಟಿಯಿರುವ (ಅಷ್ಟೇ ಶಕ್ತಿಗೆ ಹೆಚ್ಚು ಸದ್ದು ಕೊಡುವ) ಸ್ಪೀಕರ್ ಆರಿಸಿದರೆ ಅಷ್ಟೇ ಲಾಭ ಪುಕ್ಕಟೆಯಾಗಿ ಬರುತ್ತದೆ. ನಿನ್ನಂಥ ಖ್ಯಾಲು (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ಕೇಳುಗನಿಗೆ ನಡುಸ್ಥಾಯಿ ಸ್ವಚ್ಛವಾಗಿರುವುದು ಮುಖ್ಯ. ತಗ್ಗಿನ ಸ್ವರಗಳನ್ನು ನುಡಿಸುವ ವೂಫರ್ ಆರಿಂಚಿನ ಆಸುಪಾಸಿನಲ್ಲಿರುವ ಬುಕ್‌ಶೆಲ್ಫ್ ಸ್ಪೀಕರ್ ಜೋಡಿಯೊಂದು ಸಾಕು, ಸಬ್‌ವೂಫರ್ ಸದ್ಯಕ್ಕೆ ಬೇಡ. ವೂಫರಿನಲ್ಲಿ ಅದುರುವ ಕೋನಿನ (ಶಂಕುವಿನಾಕಾರದ ಭಾಗ) ಸುತ್ತಲಿನ ಅಂಚು ಫೋಮಿನದಾಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ. ಹಳೆಯ ಸ್ಪೀಕರ್ ಕೊಳ್ಳುವುದಾದರೆ ಜಾಲರಿ ತೆಗೆಸಿ ನೋಡು.

ಹಾಡು ಫೋನಿನಿಂದ ಬಂದರೂ ಸರಿಯೇ, ನಡುವೆ ಒಂದು ಸಾಧಾರಣ ಡ್ಯಾಕ್, ಅಂದರೆ ಡಿಜಿಟಲ್ ಅಂಕೆಗಳನ್ನು ಧ್ವನಿಯ ಸಂಕೇತವಾಗಿಸುವ ಸಾಧನ, ಇರಲಿ. ಸಿಡಿಯ ಗುಣಮಟ್ಟವೇ (16 ಬಿಟ್, 44.1 ಕಿಲೋಹರ್ಟ್ಸ್) ಮನುಷ್ಯನ ಕಿವಿಗೆ ಧಾರಾಳವಾಯಿತು. ತಂತಿಗೆ 2.5 ಚದರ ಮಿಲಿಮೀಟರಿನ ಸಾದಾ ತಾಮ್ರದ ವಯರ್ ಸಾಕು. ಸಾವಿರಾರು ರೂಪಾಯಿಯ ಕೇಬಲ್ಲನ್ನು ಅಂಗಡಿಯವರಿಗೇ ಬಿಡು.

ಅಂಗಡಿಯಲ್ಲಿ ಅವರು ಹಾಕುವ ಪ್ರದರ್ಶನದ ಹಾಡಿಗೆ ತಲೆದೂಗದೆ, ನಿನಗೆ ಬಾಯಿಪಾಠವಾಗಿರುವ ಧ್ವನಿಮುದ್ರಿಕೆಯನ್ನೇ ಒಯ್ದು ಎರಡು ಜೋಡಿಗಳನ್ನು ಒಂದೇ ಮಟ್ಟದ ಸದ್ದಿನಲ್ಲಿ ಹೋಲಿಸು. ಒಂದು ತುಸು ಜೋರಾಗಿದ್ದರೂ ಕಿವಿ ಅದನ್ನೇ ಮೇಲೆಂದು ನಂಬಿಬಿಡುತ್ತದೆ. ಸಾಧ್ಯವಾದರೆ ಒಪ್ಪಿದ ಜೋಡಿಯನ್ನು ನಿನ್ನ ಮನೆಯಲ್ಲೇ ನುಡಿಸಿ ತೋರಿಸಲು ಹೇಳು.

ಹೊರಡುವ ಮುನ್ನ ಕೋಣೆಯ ಉದ್ದ, ಅಗಲ, ಎತ್ತರ, ಜೊತೆಗೆ ಕುರ್ಚಿ ಎಲ್ಲಿಡುವೆ ಎಂಬುದನ್ನು ಬರೆದು ಕಳಿಸು. ಸ್ಪೀಕರ್‌ಗಳ ಹೆಸರು ಹೇಳುವುದು ಆಮೇಲೆ.

ಇಂತಿ,
ನಿನ್ನ ಗೆಳೆಯ