ಭಾನುವಾರ ಪಾರ್ಕಿನಲ್ಲಿ ಹುಲ್ಲು ನೆಡುವ ಕೆಲಸ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 7ಕ್ಕೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಲ್ಲು ನೆಡುತ್ತೇವೆ. ನಮ್ಮ ಕುಶಾಲನಗರದ ಬಿಸಿಲು ಮಡಿಕೇರಿಯಂತಲ್ಲ, ಮಳೆಯೂ ಅಷ್ಟಿಲ್ಲ ಅಲ್ವಾ? ಅದಕ್ಕೇ ಈ ಸಲ ಗರಿಕೆ ಜಾತಿಯ ಹುಲ್ಲು, ಬಿಸಿಲು ತಡೆಯುತ್ತದೆ. ಮರದ ನೆರಳಲ್ಲಿ ಅದು ಬರುವುದಿಲ್ಲ, ಆ ಜಾಗ ಬಿಟ್ಟುಬಿಡಿ.

ಅಲ್ಲಿನ ಮಣ್ಣು ಒಣಗಿದರೆ ಗುದ್ದಲಿಯೂ ಇಳಿಯದಷ್ಟು ಗಟ್ಟಿ. ಅರ್ಧ ಅಡಿ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಬೇಡವೇ ಬೇಡ, ಕಳೆ ಜಾಸ್ತಿಯಾಗುತ್ತದೆ. ತೋಟದ ಸುಣ್ಣವನ್ನೂ ಗೊಬ್ಬರದ ಜೊತೆ ಸೇರಿಸಬೇಡಿ, ಸಾರಜನಕ ಹಾರಿಹೋಗುತ್ತದೆ. ಬೇರು ಹಿಡಿದ ಮೇಲೆ ದಿನಾ ಸುಮ್ನೆ ನೀರು ಚಿಮುಕಿಸಬೇಡಿ. ವಾರಕ್ಕೆ ಎರಡು ಸಲ, ಮುಂಜಾನೆ, ಚೆನ್ನಾಗಿ ನೆನೆಸಿದರೆ ಬೇರು ಆಳಕ್ಕೆ ಇಳಿಯುತ್ತದೆ.

ಗುದ್ದಲಿ, ಬುಟ್ಟಿ ಇದ್ದವರು ತನ್ನಿ. ಯಾರ್‍ಯಾರು ಬರುತ್ತೀರಿ ಅಂತ ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.