ಚಿತ್ರ ಚೆನ್ನಾಗಿ ಬಿಡಿಸ್ತೀಯ, ಆದರೆ ಅಷ್ಟೇ ಸಾಲದು ಕಣೋ

ಗೆಳೆಯಾ,

ನಿನ್ನ ಮೆಸೇಜಿಗೆ ನಾಲ್ಕು ಸಾಲಲ್ಲಿ ಉತ್ತರ ಕೊಡೋಣ ಅಂತ ಕೂತೆ, ಆಗಲಿಲ್ಲ. ಬ್ಯಾಂಕಿನ ಕೆಲಸ ಬಿಟ್ಟು ಸರ್ಫೇಸ್ ಪ್ಯಾಟರ್ನ್ ಡಿಸೈನ್, ಅಂದರೆ ಬಟ್ಟೆಯಂಥವುಗಳ ಮೇಲೆ ಮತ್ತೆ ಮತ್ತೆ ಬರುವ ಚಿತ್ತಾರ ಮಾಡೋದನ್ನ, ಕಲಿಯಲಾ ಎಂದು ಕೇಳಿದ್ದೀಯ. ಜೊತೆಗೆ 'ನನಗೆ ಚಿತ್ರ ಚೆನ್ನಾಗಿ ಬರುತ್ತೆ ಅಲ್ವಾ' ಅಂತ ಬೇರೆ. ಬರುತ್ತೆ, ಒಪ್ಪಿದೆ. ನನಗೂ ಬರುತ್ತಿತ್ತು. ಆ ಜಂಬದಲ್ಲೇ ಹೋಗಿ ಕೋರ್ಸಿಗೆ ಸೇರಿದ್ದು, ಎರಡನೇ ವಾರಕ್ಕೆ ಇಳಿಯಿತು.

ನಾನು ಮೊದಲು ಬಿಡಿಸಿದ್ದು ದಾಸವಾಳ. ಎಲೆ ಮೇಲಿನ ಇರುವೆ ಸಮೇತ, ಮೂರು ರಾತ್ರಿ ಕೂತು. ಮೇಡಂ ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅದನ್ನೇ ಕಂಪ್ಯೂಟರಿನಲ್ಲಿ ಅಗಲಕ್ಕೂ ಉದ್ದಕ್ಕೂ ಹಾಸಿ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, 'ಹಿಂದೆ ಹೋಗಿ ನಿಂತು ನೋಡು' ಅಂದರು. ಹತ್ತು ಹೆಜ್ಜೆ ಹಿಂದೆ ಹೋದರೆ ದಾಸವಾಳ ಎಲ್ಲಿದೆ? ಹೂಗಳ ನಡುವೆ ಬಿಟ್ಟಿದ್ದ ಖಾಲಿ ಜಾಗಗಳೆಲ್ಲ ಒಂದರ ಕೆಳಗೊಂದು ಬಂದು, ಗೋಡೆ ತುಂಬಾ ಬಿಳಿ ರಸ್ತೆ ಹಾಕಿಬಿಟ್ಟಿದ್ದವು.

ಈ ವಿದ್ಯೆಯ ಅರ್ಧ ಇರುವುದೇ ಅಲ್ಲಿ. ಚಿತ್ರ ಇರುವ ಒಂದು ಚೌಕದ ಬಲ ಅಂಚು ಪಕ್ಕದ ಚೌಕದ ಎಡ ಅಂಚಿಗೆ, ಮೇಲಿನದು ಕೆಳಗಿನದಕ್ಕೆ ಕೂಡಬೇಕು, ಕೂಡಿದ ಜಾಗ ಯಾರಿಗೂ ಕಾಣಬಾರದು. ಇದಕ್ಕೆ ರಿಪೀಟ್ ಅಂತಾರೆ. ನೇರವಾಗಿ ಜೋಡಿಸಿದರೆ ಪಟ್ಟೆ ಬೇಗ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಪಕ್ಕದ ಕಂಬಸಾಲನ್ನು ಅರ್ಧ ಚೌಕ ಕೆಳಗೆ ಜಾರಿಸುತ್ತಾರೆ, ಅದು ಹಾಫ್ ಡ್ರಾಪ್. ಅಡ್ಡಸಾಲನ್ನು ಜರುಗಿಸಿದರೆ ಬ್ರಿಕ್. ಇದನ್ನು ಪರದೆ ಮೇಲೆ ತೋರಿಸಿ ಒಂದು ಗಂಟೆ ವಿವರಿಸುತ್ತಿದ್ದರೆ ನನಗೆ ನಗು. ನಿಮ್ಮಮ್ಮ ಧನುರ್ಮಾಸದಲ್ಲಿ ಬಾಗಿಲ ಮುಂದೆ ಇಡುತ್ತಿದ್ದ ಸಂದು ಚುಕ್ಕಿ ರಂಗೋಲಿ ಇನ್ನೇನು? ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ. ರಂಗೋಲಿ ಪುಸ್ತಕವನ್ನು ಅಡ್ಡ ತಿರುಗಿಸಿದರೆ ಹಾಫ್ ಡ್ರಾಪ್, ಅಷ್ಟೇ. ಪೈಸ್ಲಿ ಅನ್ನೋ ಮಾವಿನಕಾಯಿ ಆಕಾರದ ಚಿತ್ತಾರವೂ ಹಾಗೆಯೇ. ಸ್ಕಾಟ್ಲೆಂಡಿನ ಆ ಊರಿನವರು ಕಾಶ್ಮೀರಿ ಶಾಲು ನೋಡಿಕೊಂಡು ನೇಯ್ದರು, ಹೆಸರು ಅವರ ಊರಿನದೇ ನಿಂತಿತು. ನಾನು ನೋಟ್ಸಿನಲ್ಲಿ ಮಾವಿನಕಾಯಿ ಎಂದೇ ಬರೆದುಕೊಂಡೆ.

ಇನ್ನರ್ಧ ಕಲಿತಿದ್ದು ಪ್ರಿಂಟಿಂಗ್ ಯೂನಿಟ್ಟಿನಲ್ಲಿ. ಅಲ್ಲಿ ಬಟ್ಟೆ ರೋಟರಿ ಸ್ಕ್ರೀನಿನ ಕೆಳಗೆ ಓಡುತ್ತದೆ. ಸ್ಕ್ರೀನ್ ಅಂದರೆ ನಿಕಲ್ಲಿನ ತೆಳು ಜಾಲರಿಯ ಕೊಳವೆ, ಸಾಮಾನ್ಯವಾಗಿ ಸುತ್ತಳತೆ 64 ಸೆಂಟಿಮೀಟರ್. ಒಂದು ಸುತ್ತು ಮುಗಿದ ಕಡೆಯೇ ಡಿಸೈನೂ ಮುಗಿದು ಮತ್ತೆ ಶುರುವಾಗಬೇಕು. ಆದ್ದರಿಂದ ರಿಪೀಟಿನ ಎತ್ತರ 64, 32, 16, ಹೀಗೆ ಸರಿಯಾಗಿ ಭಾಗ ಹೋಗಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ನಾನು ತೆಗೆದುಕೊಂಡು ಹೋದದ್ದು 50 ಸೆಂಟಿಮೀಟರಿನ, 14 ಬಣ್ಣದ ದಾಸವಾಳ. ಅಲ್ಲಿನ ಮಾಸ್ಟರ್ ಕನ್ನಡಕ ಏರಿಸಿ ನೋಡಿ, 'ಇದು ಬಟ್ಟೆಗೋ ಕ್ಯಾಲೆಂಡರಿಗೋ?' ಅಂದರು. ಡಿಜಿಟಲ್ ಪ್ರಿಂಟಿನಲ್ಲಿ ಈ ಕಟ್ಟುಪಾಡಿಲ್ಲ, ನಿಜ, ಆದರೆ ಸಾವಿರಾರು ಮೀಟರ್ ಅಗ್ಗದಲ್ಲಿ ಹೊಡೆಯಬೇಕಾದರೆ ಇನ್ನೂ ರೋಟರಿಯೇ. ಮನೆಗೆ ಬಂದು 32ಕ್ಕೆ ಇಳಿಸಿದೆ, ಬಣ್ಣ 6ಕ್ಕೆ ಇಳಿಸಿದೆ, ಇರುವೆ ಹೋಯಿತು. ಹೊಟ್ಟೆ ಉರಿಯುವ ವಿಷಯ ಅಂದರೆ, ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು.

ಮಾರುಕಟ್ಟೆಯ ಮಾತು ಬೇರೆ. ಒಂದು ಡಿಸೈನ್ ಹಿಡಿದುಕೊಂಡು ಹೋದರೆ ಯಾರೂ ಕೂರಿಸಿ ಮಾತಾಡಿಸುವುದಿಲ್ಲ, ಸೆಟ್ಟು ಕೇಳುತ್ತಾರೆ. ಒಂದು ದೊಡ್ಡ ಹೂವಿನದು, ಅದಕ್ಕೆ ಹೊಂದುವ ಚಿಕ್ಕದು ಎರಡು, ಆಮೇಲೆ ಬರೀ ಚುಕ್ಕಿಯೋ ಗೀಟೋ ಇರುವ ಒಂದೆರಡು. ಪ್ರತಿಯೊಂದೂ ಮೂರ್ನಾಲ್ಕು ಬಣ್ಣದಲ್ಲಿ. ನಾನು ಜೀವ ಬಿಟ್ಟು ಮಾಡಿದ ದಾಸವಾಳ ಹಾಗೇ ಇದೆ, ಹತ್ತು ನಿಮಿಷದಲ್ಲಿ ಹಾಕಿದ ಚುಕ್ಕಿ ಮೊದಲು ಹೋಯಿತು.

ಹೋಯಿತು ಅಂದೆನಲ್ಲ, ಅಲ್ಲಿ ಪೆಟ್ಟು ತಿಂದೆ. ಒಬ್ಬರಿಗೆ ಒಂದೇ ಮೊತ್ತಕ್ಕೆ ಬರೆದುಕೊಟ್ಟುಬಿಟ್ಟೆ. ಪೂರ್ತಿ ಮಾರುವುದು ಬೇರೆ, ಇಷ್ಟು ವರ್ಷಕ್ಕೆ, ಇಂಥ ವಸ್ತುವಿಗೆ ಮಾತ್ರ ಅಂತ ಲೈಸೆನ್ಸ್ ಕೊಟ್ಟು ರಾಯಲ್ಟಿ ತೆಗೆದುಕೊಳ್ಳುವುದು ಬೇರೆ ಅಂತ ಆಮೇಲೆ ತಿಳಿಯಿತು. ಇನ್ನೊಂದು ವಿಷಯ ನೀನು ಈಗಲೇ ತಿಳಿದುಕೋ. ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ರಿಜಿಸ್ಟರ್ ಮಾಡಿಸಬಹುದಾಗಿದ್ದ ಡಿಸೈನನ್ನು ಮಾಡಿಸದೇ ಬಿಟ್ಟರೆ, ನೀನೋ ನಿನ್ನ ಒಪ್ಪಿಗೆ ಪಡೆದವರೋ ಅದನ್ನು ಹಾಕಿದ ವಸ್ತುವನ್ನು ಯಂತ್ರದಲ್ಲಿ 50ಕ್ಕಿಂತ ಜಾಸ್ತಿ ತಯಾರಿಸಿದ ಕೂಡಲೇ ಅದರ ಕಾಪಿರೈಟ್ ಹೋಗುತ್ತದೆ. 50 ದಿಂಬಿನ ಚೀಲ ಒಂದು ಬೆಳಿಗ್ಗೆಯ ಕೆಲಸ ಕಣೋ. 2000ದ ಡಿಸೈನ್ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಿದರೆ 10 ವರ್ಷ, ಮತ್ತೆ 5 ವರ್ಷ ಮುಂದುವರಿಸಬಹುದು. ಮಾರುಕಟ್ಟೆಗೆ ಬಿಡುವ, ಎಲ್ಲಾದರೂ ಪ್ರಕಟಿಸುವ ಮುಂಚೆಯೇ ಅರ್ಜಿ ಹಾಕಬೇಕು. ಇನ್‌ಸ್ಟಾಗ್ರಾಮಿಗೆ ಹಾಕಿ ಲೈಕ್ ಎಣಿಸಿದ ಮೇಲಲ್ಲ.

ಈಗಲೇ ಬ್ಯಾಂಕ್ ಬಿಡಬೇಡ. ಸಂಜೆ ಎರಡು ಗಂಟೆ ಸಾಕು, ಆರು ತಿಂಗಳು ಮಾಡಿ ನೋಡು. ದುಬಾರಿ ಟ್ಯಾಬ್ಲೆಟ್ಟೂ ಸದ್ಯ ಬೇಡ. ಒಂದು ಹಾಳೆಯಲ್ಲಿ ಅಂಚು ಬಿಟ್ಟು ನಡುವೆ ಬಿಡಿಸು, ನಾಲ್ಕು ತುಂಡು ಮಾಡು, ಮೂಲೆಗಳನ್ನು ಅದಲು ಬದಲು ಮಾಡಿ ಅಂಟಿಸು, ಈಗ ನಡುವೆ ಉಳಿದ ಖಾಲಿ ಜಾಗ ತುಂಬು. ರಿಪೀಟ್ ತಯಾರು.

ಹೋದ ವಾರ ಹಾಲಿನ ಬೂತಿನಲ್ಲಿ ಮುಂದೆ ನಿಂತಿದ್ದ ಆಂಟಿಯ ನೈಟಿ ಮೇಲೆ ನನ್ನ ಚುಕ್ಕಿ. ಬೆನ್ನು ಪೂರ್ತಿ ಹುಡುಕಿದೆ, ಜೋಡಣೆ ಎಲ್ಲೂ ಸಿಗಲಿಲ್ಲ. ಅವರು ತಿರುಗಿ 'ಏನಮ್ಮಾ, ಏನಾದ್ರೂ ಅಂಟಿಕೊಂಡಿದ್ಯಾ?' ಅಂದರು. 'ಇಲ್ಲ ಆಂಟಿ, ಡಿಸೈನ್ ಚೆನ್ನಾಗಿದೆ' ಅಂದೆ. 'ಚಿಕ್ಕಪೇಟೆ, ಇನ್ನೂರೈವತ್ತು. ಬಣ್ಣ ಮಾತ್ರ ಬಿಡುತ್ತೆ ನೋಡು' ಅಂದರು.

ಬೆಂಗಳೂರಿಗೆ ಬರುವಾಗ ಅಮ್ಮನ ಹಳೇ ರಂಗೋಲಿ ಪುಸ್ತಕ ತಗೊಂಡು ಬಾ. ಹಾಳೆ ಉದುರುತ್ತೆ, ಹುಷಾರು.

ನಿನ್ನ ಗೆಳತಿ